ಬಿನ್ನಿ ಅವರನ್ನು ಆಲ್‌ರೌಂಡರ್ ಅನ್ನಬಹುದಾ?

ಪ್ರಿಯ ಓದುಗರೇ,

1983ರ ವಿಶ್ವಕಪ್ ಬಗ್ಗೆ ನಾವು ಬರೆದದ್ದನ್ನು ಓದಿ ನಿಮಗೆ ಬೇಸರವಾಗಿದೆ. ರೋಜರ್ ಬಿನ್ನಿ ಆಡಿದ್ದು 27 ಟೆಸ್ಟ್, ತೆಗೆದದ್ದು 47 ವಿಕೆಟ್, ಹೊಡೆದದ್ದು 830 ರನ್, ಇಷ್ಟಕ್ಕೇ ಅವರನ್ನು ದೊಡ್ಡ ಆಲ್‌ರೌಂಡರ್ ಅಂತ ಹೊಗಳುವುದು ಸುಮ್ನೆ ಊರಿನ ಅಭಿಮಾನ ಅಲ್ವಾ ಅಂತ ಕೇಳಿದ್ದೀರಿ. ಅಂಕಿಗಳು ಸರಿಯಾಗೇ ಇವೆ. ಬಿನ್ನಿ ಬೆಂಗಳೂರಿನವರು ಅನ್ನುವ ಖುಷಿಯೂ ನನಗಿದೆ, ಮುಚ್ಚಿಡುವುದೇನಿಲ್ಲ. ಆದರೆ ನಿಮ್ಮ ತೀರ್ಮಾನ ಒಪ್ಪಲು ಆಗುತ್ತಿಲ್ಲ.

ಬಿನ್ನಿ ಮೊದಲು ಹೆಸರು ಮಾಡಿದ್ದು ಓಪನರ್ ಆಗಿ. 1977-78ರ ರಣಜಿಯಲ್ಲಿ, ಚಿಕ್ಕಮಗಳೂರಿನಲ್ಲಿ, ಕೇರಳದ ಮೇಲೆ ಸಂಜಯ್ ದೇಸಾಯಿ ಜೊತೆ ಆಟ ಶುರು ಮಾಡಿದರು. ಇಬ್ಬರೂ ಔಟೇ ಆಗಲಿಲ್ಲ! 451ಕ್ಕೆ ಡಿಕ್ಲೇರ್ ಮಾಡಿದಾಗ ದೇಸಾಯಿ 218, ಬಿನ್ನಿ 211. ಇಷ್ಟು ಆಡಬಲ್ಲವರು ಭಾರತ ತಂಡಕ್ಕೆ ಬಂದರೆ ಅಲ್ಲಿ ಓಪನಿಂಗ್‌ಗೆ ಗವಾಸ್ಕರ್, ಹೊಸ ಬಾಲ್‌ಗೆ ಕಪಿಲ್ ದೇವ್. ತಂಡಕ್ಕೆ ಆವತ್ತು ಏನು ಬೇಕೋ ಅದನ್ನು ಮಾಡಿಕೊಡುವ ಕೆಲಸ ಇವರ ಪಾಲಿಗೆ ಬಂತು.

ಬೌಲಿಂಗ್‌ನಲ್ಲಿ ವೇಗ ಜಾಸ್ತಿ ಇರಲಿಲ್ಲ. ಸ್ವಿಂಗೇ ಬಂಡವಾಳ. ಬಾಲ್ ಗಾಳಿಯಲ್ಲಿ ತಿರುಗಬೇಕಾದರೆ ಅದನ್ನು ಮುಂದಕ್ಕೆ, ಡ್ರೈವ್ ಮಾಡುವ ಆಸೆ ಹುಟ್ಟುವ ಜಾಗದಲ್ಲಿ ಹಾಕಬೇಕು. ತಿರುಗಿದರೆ ವಿಕೆಟ್, ತಿರುಗದಿದ್ದರೆ ಬೌಂಡರಿ. ನಮ್ಮ ಒಣ ಪಿಚ್‌ಗಳಲ್ಲಿ ಸ್ವಲ್ಪ ಹೊತ್ತಿಗೆ ಬಾಲ್ ಸ್ಪಿನ್ನರ್‌ಗಳ ಕೈಗೆ ಹೋಗುತ್ತಿತ್ತು. 47 ವಿಕೆಟ್ ಅನ್ನುವಾಗ ಇದನ್ನೂ ನೆನಪಿಡಬೇಕು ಅಲ್ವಾ?

ಇಂಗ್ಲೆಂಡಿನ ಗಾಳಿ ಸಿಕ್ಕಾಗ ಏನಾಯಿತು ನೋಡಿ. 1983ರ ವಿಶ್ವಕಪ್‌ನಲ್ಲಿ 8 ಪಂದ್ಯಕ್ಕೆ 18 ವಿಕೆಟ್. ಬೇರೆ ಯಾವ ತಂಡದ ಯಾರಿಗೂ ಅಷ್ಟು ಸಿಗಲಿಲ್ಲ. ಚೆಮ್ಸ್‌ಫರ್ಡ್‌ನಲ್ಲಿ ಆಸ್ಟ್ರೇಲಿಯಾ ಮೇಲಿನ ಪಂದ್ಯ ಗೆಲ್ಲಲೇಬೇಕಿತ್ತು. ನಮ್ಮವರು 247 ಹೊಡೆದರು, ಒಬ್ಬರೂ 50 ಮುಟ್ಟಲಿಲ್ಲ. ಆಮೇಲೆ ಬಿನ್ನಿ 29ಕ್ಕೆ 4, ಮದನ್ ಲಾಲ್ 20ಕ್ಕೆ 4, ಆಸ್ಟ್ರೇಲಿಯಾ 129ಕ್ಕೆ ಆಲೌಟ್. ವೆಸ್ಟ್ ಇಂಡೀಸ್ ಎದುರಿನ ಫೈನಲ್‌ನಲ್ಲಿ ಕಪಿಲ್ ಹಿಡಿದ ರಿಚರ್ಡ್ಸ್ ಕ್ಯಾಚನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಬೇಕಾದದ್ದೇ. ಆದರೆ ಅದಾದ ಮೇಲೂ ಕ್ಲೈವ್ ಲಾಯ್ಡ್ ಇದ್ದರು. ಕಾಲು ನೋವು, ಓಡಲು ರನ್ನರ್ ಬೇಕಾಗಿತ್ತು, ಆದರೂ ಲಾಯ್ಡ್ ಲಾಯ್ಡೇ. ಬಿನ್ನಿ ಅದೇ ಆಸೆ ಹುಟ್ಟಿಸುವ ಬಾಲ್ ಹಾಕಿದರು. ಲಾಯ್ಡ್ ಡ್ರೈವ್ ಮಾಡಿದರು, ಮಿಡ್ ಆಫ್‌ನಲ್ಲಿ ಕಪಿಲ್ ಹಿಡಿದರು. 66ಕ್ಕೆ 5. ನನ್ನ ಪ್ರಕಾರ ಕಪ್ ನಮ್ಮ ಕಡೆ ವಾಲಿದ್ದು ಅಲ್ಲಿ.

1986ರಲ್ಲಿ ಲೀಡ್ಸ್ ಟೆಸ್ಟ್: ಇಂಗ್ಲೆಂಡ್ 102ಕ್ಕೆ ಆಲೌಟ್, ಬಿನ್ನಿಗೆ 40ಕ್ಕೆ 5. ಆ ಸರಣಿಯನ್ನು ನಾವು ಗೆದ್ದೆವು. ಇಂಗ್ಲೆಂಡಿನಲ್ಲಿ ಮಾತ್ರ ಅಂತೀರಾ? 1987ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ಮೇಲೆ 56ಕ್ಕೆ 6 ತೆಗೆದಿದ್ದಾರೆ.

ಇನ್ನು ಬ್ಯಾಟಿಂಗ್. ಟೆಸ್ಟ್‌ನಲ್ಲಿ ಸರಾಸರಿ 23, ಶತಕ ಇಲ್ಲ, ನಿಜ. ಆದರೆ ಆ ರನ್ ಯಾವಾಗ ಬಂದವು? 1983ರ ವಿಶ್ವಕಪ್‌ನಲ್ಲೇ ಜಿಂಬಾಬ್ವೆ ಮೇಲೆ ಕಪಿಲ್ 175 ಹೊಡೆದ ದಿನ ನಾವು 17ಕ್ಕೆ 5 ಆಗಿದ್ದೆವು. ಆಗ ಬಂದು ಕಪಿಲ್ ಜೊತೆ ನಿಂತು 60 ರನ್ ಸೇರಿಸಿದವರು ಬಿನ್ನಿ, ಅವರದ್ದು ಬರೀ 22. ಅದೇ ವರ್ಷ ಬೆಂಗಳೂರು ಟೆಸ್ಟ್‌ನಲ್ಲಿ ಪಾಕಿಸ್ತಾನದ ಎದುರು 85ಕ್ಕೆ 6 ವಿಕೆಟ್ ಹೋಗಿತ್ತು. ಬಿನ್ನಿ, ಮದನ್ ಲಾಲ್ ಏಳನೇ ವಿಕೆಟ್‌ಗೆ 155 ಸೇರಿಸಿದರು. ಬಿನ್ನಿ 83, ಔಟಾಗಲಿಲ್ಲ. ಇಂಥ ಆಟಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ, ಮೇಲಿನವರೆಲ್ಲ ಚೆನ್ನಾಗಿ ಹೊಡೆದ ದಿನ ಬರುವ ಅರ್ಧಶತಕಕ್ಕಿಂತ.

ಆಮೇಲೆ ಕೋಚ್ ಆದರು. 2000ದಲ್ಲಿ ಕೈಫ್, ಯುವರಾಜ್ ಇದ್ದ 19 ವರ್ಷದೊಳಗಿನವರ ತಂಡ ವಿಶ್ವಕಪ್ ಗೆದ್ದಾಗ ಕೋಚ್ ಇವರೇ. 2022ರಲ್ಲಿ ಬಿಸಿಸಿಐ ಅಧ್ಯಕ್ಷರೂ ಆದರು.

ಇನ್ನೊಂದು ಕೋರಿಕೆ. 1987ರ ಬೆಂಗಳೂರು ಟೆಸ್ಟ್‌ನ ಸ್ಕೋರ್‌ಕಾರ್ಡ್ ಒಮ್ಮೆ ತೆಗೆದು ನೋಡಿ, ಗವಾಸ್ಕರ್ 96 ಹೊಡೆದದ್ದು, ನಾವು 16 ರನ್‌ನಿಂದ ಸೋತದ್ದು. ಗವಾಸ್ಕರ್‌ಗೆ ಅದೇ ಕೊನೆಯ ಟೆಸ್ಟ್, ಬಿನ್ನಿಗೂ ಅದೇ ಕೊನೆಯದು. ಬಾಲ್ ವಿಪರೀತ ತಿರುಗುತ್ತಿದ್ದ ಆ ಪಿಚ್‌ನಲ್ಲಿ ಕಡೆಯವರಾಗಿ ಔಟಾದದ್ದು ಬಿನ್ನಿ, 15 ರನ್‌ಗೆ. ನೋಡಿದ ಮೇಲೂ ನನ್ನ ಮಾತು ಒಪ್ಪಿಗೆಯಾಗದಿದ್ದರೆ ಖಂಡಿತ ಮತ್ತೆ ಬರೆಯಿರಿ, ಅದನ್ನೂ ಪ್ರಕಟಿಸುತ್ತೇನೆ.

– ಸಂಪಾದಕ