ಸಮ–ಬೆಸ ಸಂಖ್ಯೆಗಳ ನಿಯಮಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕೇ?

ಆರನೆಯ ತರಗತಿಯ ಮಗಳಿಗೆ ಸಮ–ಬೆಸದ ನಿಯಮಗಳನ್ನೆಲ್ಲ ಪಟ್ಟಿ ಮಾಡಿ ಗೋಡೆಗೆ ಅಂಟಿಸುವುದೋ, ಎಲ್ಲಕ್ಕೂ ಒಗ್ಗುವ ಒಂದೇ ಸೂತ್ರವನ್ನು ಹೇಳಿಕೊಡುವುದೋ ಎಂದು ಕೇಳಿದ್ದೀರಿ. ಎರಡೂ ಬೇಡ. ಅಂತಹ ಒಂದು ಸೂತ್ರವನ್ನು ನಂಬಿ ಕೈಗೆ ಬರಬೇಕಿದ್ದ ಸರ್ಕಾರಿ ಕೆಲಸವನ್ನು ಕಳೆದುಕೊಂಡವನು ನಾನು.

ಮನೆಪಾಠದ ಮೇಷ್ಟ್ರು ಹೇಳಿಕೊಟ್ಟದ್ದು ಇಷ್ಟೇ: "ಒಂದೇ ಜಾತಿ ಸೇರಿದರೆ ಸಮ, ಬೇರೆ ಜಾತಿ ಸೇರಿದರೆ ಬೆಸ." ಕೂಡುವಾಗಲೂ ಕಳೆಯುವಾಗಲೂ ಈ ಮಾತು ಎಂದೂ ತಪ್ಪುವುದಿಲ್ಲ. 7 ಮತ್ತು 5ನ್ನು ಕೂಡಿದರೆ 12, ಕಳೆದರೆ 2. 8 ಮತ್ತು 5ನ್ನು ಕೂಡಿದರೆ 13, ಕಳೆದರೆ 3. ಅವರು ಕೂಡುವುದಕ್ಕೆಂದು ಹೇಳಿದ್ದನ್ನು ನಾನು ಸದ್ದಿಲ್ಲದೆ ಗುಣಾಕಾರಕ್ಕೂ ಅನ್ವಯಿಸಿಕೊಂಡಿದ್ದೆ.

ಪದವಿ ಮುಗಿಸಿ ಬರೆದ ಒಂದು ನೇಮಕಾತಿ ಪರೀಕ್ಷೆಯಲ್ಲಿ, ಯಾವುದೇ ಪೂರ್ಣಾಂಕವನ್ನು ಅದರ ಮುಂದಿನ ಪೂರ್ಣಾಂಕದಿಂದ ಗುಣಿಸಿ 1 ಕೂಡಿಸಿದರೆ ಬರುವ ಸಂಖ್ಯೆ ಯಾವಾಗಲೂ ಸಮವೋ, ಬೆಸವೋ, ಅಥವಾ ಹೇಳಲಾಗದೋ ಎಂಬ ಪ್ರಶ್ನೆ ಬಂದಿತ್ತು. ಅಕ್ಕಪಕ್ಕದ ಎರಡು ಸಂಖ್ಯೆಗಳಲ್ಲಿ ಒಂದು ಸಮ, ಇನ್ನೊಂದು ಬೆಸ ಎಂಬಲ್ಲಿಯವರೆಗೆ ನಾನು ಸರಿಯಾಗಿಯೇ ಇದ್ದೆ. ಬೇರೆ ಜಾತಿಯಾದ್ದರಿಂದ ಗುಣಲಬ್ಧ ಬೆಸ, ಅದಕ್ಕೆ 1 ಸೇರಿದರೆ ಸಮ ಎಂದು ನಿರ್ಧರಿಸಿ ಅರೆ ನಿಮಿಷದಲ್ಲಿ ಗುರುತು ಹಾಕಿ ಮುಂದೆ ಹೋದೆ. 1ನ್ನು 2ರಿಂದ ಗುಣಿಸಿ 1 ಕೂಡಿಸಿ ನೋಡಿದ್ದರೆ 3 ಎಂದು ತಿಳಿಯುತ್ತಿತ್ತು; 2 ಮತ್ತು 3ನ್ನು ಹಿಡಿದಿದ್ದರೆ 7 ಬರುತ್ತಿತ್ತು. ನೋಡಲಿಲ್ಲ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವಿತ್ತು. ಕಟ್‌ ಆಫ್‌ಗೆ ನನಗೆ ಕಡಿಮೆಯಾದದ್ದು ಒಂದು ಅಂಕ.

ಆ ತಪ್ಪು ಎಷ್ಟು ದೊಡ್ಡದೆಂಬುದು ಆಮೇಲೆ ಕುಳಿತು ಲೆಕ್ಕ ಹಾಕಿದಾಗ ಅರಿವಾಯಿತು. ಗುಣಾಕಾರದಲ್ಲಿ ಸಮ–ಸಮ, ಸಮ–ಬೆಸ, ಬೆಸ–ಸಮ, ಬೆಸ–ಬೆಸ ಎಂಬ ನಾಲ್ಕು ಸಂದರ್ಭಗಳ ಪೈಕಿ ಮೇಷ್ಟ್ರ ಸೂತ್ರ ನಿಲ್ಲುವುದು ಮೊದಲನೆಯದರಲ್ಲಿ ಮಾತ್ರ. ಬೆಸವನ್ನು ಬೆಸದಿಂದ ಗುಣಿಸಿದಾಗ ಮಾತ್ರ ಬೆಸ ಬರುತ್ತದೆ, ಉಳಿದ ಮೂರೂ ಸಮ. ಒಂದರಿಂದ ಹತ್ತರ ಮಗ್ಗಿಯಲ್ಲಿರುವ 100 ಗುಣಲಬ್ಧಗಳಲ್ಲಿ ಬೆಸ ಇರುವುದು ಬರೀ 25. ಐದೇಳಲಿ ಮೂವತ್ತೈದು ಎಂದು ನಿದ್ದೆಗಣ್ಣಿನಲ್ಲಿಯೂ ಒಪ್ಪಿಸುತ್ತಿದ್ದ ನನಗೆ ಆ ಮಗ್ಗಿಯನ್ನೂ ಈ ಸೂತ್ರವನ್ನೂ ಒಮ್ಮೆಯಾದರೂ ಎದುರುಬದುರು ನಿಲ್ಲಿಸಿ ನೋಡಬೇಕೆಂದು ತೋಚಿರಲಿಲ್ಲ. ಬಾಯಿಪಾಠದ ದೋಷವೇ ಇದು. ಎರಡು ಪಾಠಗಳು ಒಂದೇ ತಲೆಯಲ್ಲಿ ಜಗಳವಾಡದೆ ವರ್ಷಗಟ್ಟಲೆ ಇರಬಲ್ಲವು.

ಆದ್ದರಿಂದ ಮಗಳ ಮುಂದೆ ಒಂದು ಹಿಡಿ ಹುಣಸೆ ಬೀಜ ಸುರಿಯಿರಿ. ಸರಿಬೆಸದ ಆಟ ಆಡಿದವರಿಗೆ ಇದು ಹೊಸದೇನಲ್ಲ. ಏಳು ಬೀಜಗಳನ್ನು ಜೋಡಿ ಮಾಡಿದರೆ ಒಂದು ಒಂಟಿಯಾಗಿ ಉಳಿಯುತ್ತದೆ, ಐದರಲ್ಲಿಯೂ ಒಂದು ಉಳಿಯುತ್ತದೆ. ಎರಡು ರಾಶಿಗಳನ್ನು ಕೂಡಿದೊಡನೆ ಆ ಎರಡು ಒಂಟಿಗಳು ತಾವೇ ಜೋಡಿಯಾಗುತ್ತವೆ; ಬೆಸಕ್ಕೆ ಬೆಸ ಸೇರಿದರೆ ಸಮವಾಗುವುದು ಹೀಗೆ. ಗುಣಾಕಾರಕ್ಕೆ ಸಾಲಿಗೆ ಐದರಂತೆ ಏಳು ಸಾಲು ಜೋಡಿಸಲಿ. ಪ್ರತಿ ಸಾಲಿನಲ್ಲಿ ಒಂದೊಂದು ಒಂಟಿ ಉಳಿದು ಒಟ್ಟು ಏಳು ಒಂಟಿಗಳಾಗುತ್ತವೆ, ಅವು ಜೋಡಿಯಾದ ಮೇಲೆ ಮತ್ತೆ ಒಂದು ಉಳಿಯುತ್ತದೆ. ಒಂದು ಸಾಲು ತೆಗೆದು ಆರು ಮಾಡಿದರೆ ಯಾವುದೂ ಒಂಟಿಯಾಗಿ ಉಳಿಯುವುದಿಲ್ಲ. ಇದನ್ನು ಕಣ್ಣಾರೆ ಕಂಡ ಮಗುವಿಗೆ ಗೋಡೆಯ ಪಟ್ಟಿ ಯಾಕೆ ಬೇಕು? ಸೊನ್ನೆ ಸಮವೇ ಎಂದು ಅವಳು ಕೇಳಿದರೂ ಉತ್ತರ ಇಲ್ಲಿಯೇ ಇದೆ. ಅದರಲ್ಲಿ ಒಂಟಿಯಾಗಿ ಉಳಿಯುವುದು ಏನೂ ಇಲ್ಲವಾದ್ದರಿಂದ ಸೊನ್ನೆ ಸಮ.

ಭಾಗಾಕಾರಕ್ಕೆ ಮಾತ್ರ ಇಂತಹ ನಿಯಮವನ್ನು ಹುಡುಕಬೇಡಿ. 12ನ್ನು 2ರಿಂದ ಭಾಗಿಸಿದರೆ 6, 4ರಿಂದ ಭಾಗಿಸಿದರೆ 3, 8ರಿಂದ ಭಾಗಿಸಿದರೆ ಒಂದೂವರೆ. ಸಮವನ್ನು ಸಮದಿಂದಲೇ ಭಾಗಿಸಿದರೂ ಸಮ, ಬೆಸ, ಭಿನ್ನರಾಶಿ ಮೂರೂ ಬಂದವು. ಬೆಸವನ್ನು ಸಮದಿಂದ ಶೇಷವಿಲ್ಲದೆ ಭಾಗಿಸಲು ಆಗುವುದೇ ಇಲ್ಲ ಎಂಬುದೊಂದು ಗಟ್ಟಿ.

1, 3, 5ರಿಂದ 15ರವರೆಗಿನ ಬೆಸ ಸಂಖ್ಯೆಗಳಲ್ಲಿ ಮೂರನ್ನು ಕೂಡಿ 30 ಮಾಡಿ ಎಂಬ ವಾಟ್ಸ್‌ಆ್ಯಪ್ ಒಗಟನ್ನು ನಿಮಗೂ ಯಾರಾದರೂ ಕಳುಹಿಸಿರಬಹುದು. ಮೂರು ಒಂಟಿಗಳಲ್ಲಿ ಒಂದು ಉಳಿದೇ ಉಳಿಯುವುದರಿಂದ ಅದಕ್ಕೆ ಉತ್ತರವೇ ಇಲ್ಲ. 9ನ್ನು ತಲೆಕೆಳಗು ಮಾಡಿ 6 ಎನ್ನುವುದು ಗಣಿತವಲ್ಲ, ಚೇಷ್ಟೆ. ಮಗಳನ್ನು ಪರೀಕ್ಷಿಸಲೇಬೇಕೆಂದಿದ್ದರೆ 1ರಿಂದ 50ರವರೆಗಿನ ಸಂಖ್ಯೆಗಳ ಮೊತ್ತ ಸಮವೋ ಬೆಸವೋ ಎಂಬುದನ್ನು ಕೂಡದೆಯೇ ಹೇಳಲು ಬಿಡಿ. ಅವುಗಳಲ್ಲಿ ಬೆಸ ಸಂಖ್ಯೆಗಳು 25, ಅಂದರೆ ಒಂಟಿಗಳೂ 25. ಹಾಗಾಗಿ ಮೊತ್ತ ಬೆಸ. ಕೂಡಿ ನೋಡಿದರೆ 1275.