ಬೆಳಗಿನ ತನಕ ಕೂತು ನೋಡಿದವರೇ ಆರಿಸಲಿ

ಕುರುಗೋಡು ಕಡೆಯ ಹಳ್ಳಿಯೊಂದರಿಂದ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಾತು ಇಷ್ಟು: “ಬಳ್ಳಾರಿ, ರಾಯಚೂರು, ಕೊಪ್ಪಳದ ವಿಮರ್ಶಕರು ಸೇರಿ ವರ್ಷದ ಒಳ್ಳೆಯ ನಾಟಕಕ್ಕೆ, ಒಳ್ಳೆಯ ನೃತ್ಯಕ್ಕೆ ಪ್ರಶಸ್ತಿ ಕೊಡಬೇಕು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಾರ, ತುರಾಯಿ, ಶಾಲು ಈಗಲೇ ಜಾಸ್ತಿ ಆಗಿವೆ. ಇನ್ನೊಂದು ಯಾಕೆ? ರಾತ್ರಿಯಿಡೀ ಕುಣಿದು ಹಾಡೋ ನಮ್ಮೂರ ದೊಡ್ಡಾಟ ನೋಡೋಕೆ ಯಾವ ವಿಮರ್ಶಕರು ಬರ್ತಾರೆ? ಬಂದರೂ ಹತ್ತೂವರೆಗೆ ಫೋಟೊ ತೆಗೆಸಿಕೊಂಡು ಹೊರಡ್ತಾರೆ. ಅದೂ ಅಲ್ಲದೆ ನಮ್ಮದು ನಾಟಕವೋ, ನೃತ್ಯವೋ? ಯಾವ ಸಾಲಿನಲ್ಲಿ ನಿಲ್ಲಿಸ್ತೀರಿ?”

ನಮಸ್ಕಾರ ಮೇಷ್ಟ್ರೇ. ಹತ್ತೂವರೆಯ ಮಾತು ನನಗೆ ನೇರವಾಗಿ ತಾಗಿತು. ಎರಡು ವರ್ಷದ ಹಿಂದೆ ನಿಮ್ಮ ಪಕ್ಕದ ಊರಿನ ಆಟಕ್ಕೆ ಬಂದಿದ್ದೆ. ರಾತ್ರಿ ಒಂದು ಗಂಟೆಗೆ ಎದ್ದು ಬಂದೆ. ಮರುವಾರ ಅರ್ಧ ಪುಟ ಬರೆದೂಬಿಟ್ಟೆ. ಅದು ತಪ್ಪು. ನೋಡದ ಅರ್ಧ ಆಟದ ಬಗ್ಗೆ ಬರೆಯುವ ಹಕ್ಕು ನನಗೆ ಇರಲಿಲ್ಲ.

ಮರು ವರ್ಷ ಅದೇ ಊರಿಗೆ ಹೋಗಿ ಬೆಳಗಿನ ತನಕ ಕೂತೆ. ಸುಮಾರು ಮೂರೂವರೆ ಇರಬೇಕು. ಕೌದಿ ಹೊದ್ದು ಕೂತಿದ್ದವರಲ್ಲಿ ಅರ್ಧ ಜನಕ್ಕೆ ನಿದ್ದೆ. ಅಟ್ಟದ ಮೇಲೆ ದುರ್ಯೋಧನ. ಭುಜಕೀರ್ತಿಯ ಭಾರಕ್ಕೆ ಹೆಗಲು ಸೋತಿತ್ತು. ಪದ ಮುಗಿಸಿ ಮಾತಿಗೆ ಬಾಯಿ ತೆರೆದ, ಮಾತು ಬರಲಿಲ್ಲ. ಮರೆತುಹೋಗಿತ್ತು. ಹಾರ್ಮೋನಿಯಂನವರು ಒಂದೇ ಸ್ವರ ಹಿಡಿದು ಕೂತರು, ಬಿಡಲಿಲ್ಲ. ಆಗ ಪಾತ್ರಗಳನ್ನು ಮಾತಾಡಿಸುತ್ತ ಆಟ ನಡೆಸುವ ಸಾರಥಿ ಎರಡು ಹೆಜ್ಜೆ ಮುಂದೆ ಬಂದು, “ಏನು ಮಹಾರಾಜರೇ, ಭೀಮನ ಹೆಸರು ಕೇಳಿ ಮಾತೇ ನಿಂತಿತೇ?” ಎಂದ. ಮರೆತಿದ್ದ ಮಾತಿನ ಎಳೆ ಆ ಪ್ರಶ್ನೆಯಲ್ಲೇ ಇತ್ತು. ದುರ್ಯೋಧನ ಅದನ್ನು ಹಿಡಿದ. ಹಲಗೆ ಅದುರುವ ಹಾಗೆ ಕಾಲು ಅಪ್ಪಳಿಸಿದ. ಮಲಗಿದ್ದ ಜನ ಎದ್ದು ಕೂತರು. ಆತ ಮರೆತಿದ್ದು ಮುಂದೆ ಕೂತ ನಾಲ್ಕು ಜನ ಬಿಟ್ಟು ಬೇರೆ ಯಾರಿಗೂ ಗೊತ್ತಾಗಲಿಲ್ಲ.

ಇದಕ್ಕೆ ಯಾರಿಗೆ ಪ್ರಶಸ್ತಿ ಕೊಡುತ್ತೀರಿ, ಹೇಳಿ? ದುರ್ಯೋಧನನಿಗಾ? ಸಾರಥಿಗಾ? ಹಾರ್ಮೋನಿಯಂಗಾ? ಅದು ಇಡೀ ಮೇಳದ ಕೆಲಸ. ಒಂದು ರಾತ್ರಿಯ ಕೆಲಸ. ನಾನು ಪ್ರಯೋಗಕ್ಕೆ ಪ್ರಶಸ್ತಿ ಬೇಕು ಅನ್ನುವುದು ಇದೇ ಕಾರಣಕ್ಕೆ.

ನಮ್ಮಲ್ಲಿ ಗೌರವ ಹೆಚ್ಚಾಗಿ ಸಿಗುವುದು ವ್ಯಕ್ತಿಗೆ, ಅದೂ ಜೀವಮಾನ ಸವೆಸಿದ ಮೇಲೆ. ಅದು ಬೇಡ ಅಂತ ಖಂಡಿತ ಹೇಳುವುದಿಲ್ಲ. 2021ರಲ್ಲಿ ಮರಿಯಮ್ಮನಹಳ್ಳಿಯ ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಕಚೇರಿಯಲ್ಲಿ ಎಲ್ಲರ ಕಣ್ಣು ಒದ್ದೆಯಾಗಿತ್ತು. 2025ರಲ್ಲಿ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರ ತೊಗಲು ಗೊಂಬೆಗಳಿಗೆ ಅದೇ ಗೌರವ ಬಂತು. ಆ ಹೊತ್ತಿಗೆ ಅಜ್ಜಿಗೆ ತೊಂಬತ್ತು ದಾಟಿತ್ತು. ಆದರೆ ಈ ವರ್ಷ ಭತ್ತದ ಕೊಯ್ಲು ಮುಗಿಸಿ, ಕೈಯಿಂದ ದುಡ್ಡು ಹಾಕಿ, ಡ್ರೆಸ್ಸು ಬಾಡಿಗೆ ತಂದು, ತಿಂಗಳುಗಟ್ಟಲೆ ತಾಲೀಮು ಮಾಡಿ ಕುಣಿದ ಹುಡುಗರಿಗೆ ಯಾರಾದರೂ ಈಗಲೇ “ಇದು ಚೆನ್ನಾಗಿತ್ತು, ಇಂಥ ಕಾರಣಕ್ಕೆ ಚೆನ್ನಾಗಿತ್ತು” ಅಂತ ಹೇಳಬೇಕಲ್ವಾ? ತೊಂಬತ್ತರ ತನಕ ಕಾಯಬೇಕಾ?

ಅದನ್ನು ವಿಮರ್ಶಕರೇ ಯಾಕೆ ಹೇಳಬೇಕು ಅಂದರೆ, ನ್ಯೂಯಾರ್ಕಿನ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಹೆಸರಾಂತ ಪುಲಿಟ್ಜರ್ ಪ್ರಶಸ್ತಿಯ ಆಯ್ಕೆಗಳು ಸರಿಕಾಣದೆ ಅಲ್ಲಿನ ನಾಟಕ ವಿಮರ್ಶಕರು 1935ರಲ್ಲಿ ತಮ್ಮದೇ ಕೂಟ ಕಟ್ಟಿದರು. ಮರು ವರ್ಷದಿಂದ ತಾವೇ ಪ್ರಶಸ್ತಿ ಕೊಡತೊಡಗಿದರು. 1963ರಲ್ಲಿ ಏನಾಯಿತು ನೋಡಿ. ಪುಲಿಟ್ಜರ್‌ನ ತೀರ್ಪುಗಾರರು ಎಡ್ವರ್ಡ್ ಆಲ್ಬಿ ಅವರ ನಾಟಕವನ್ನು ಆರಿಸಿದರು. ಮೇಲಿನ ಮಂಡಳಿ ಒಪ್ಪಲಿಲ್ಲ. ಆ ವರ್ಷ ನಾಟಕಕ್ಕೆ ಪುಲಿಟ್ಜರ್ ಯಾರಿಗೂ ಬರಲಿಲ್ಲ. ತೀರ್ಪುಗಾರರಿಬ್ಬರೂ ರಾಜೀನಾಮೆ ಕೊಟ್ಟು ಹೊರಬಂದರು. ವಿಮರ್ಶಕರ ಕೂಟ ಮಾತ್ರ ಅದೇ ನಾಟಕಕ್ಕೆ ತನ್ನ ಪ್ರಶಸ್ತಿ ಕೊಟ್ಟಿತು. ವರ್ಷವಿಡೀ ನಾಟಕ ನೋಡುವುದೇ ಕೆಲಸವಾದವರ ಮಾತಿಗೆ ಒಂದು ತೂಕ ಇರುತ್ತದೆ. ನಮಗೆ ಬೇಕಾಗಿರುವುದು ಆ ತೂಕ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನಾಟಕವೋ, ನೃತ್ಯವೋ? ಅದನ್ನು ಓದಿ ಎರಡು ದಿನ ಯೋಚನೆ ಮಾಡಿದೆ. ಲಂಡನ್ನಿನ ವಿಮರ್ಶಕರ ಸಂಘ 1913ರಷ್ಟು ಹಳೆಯದು. ಅವರು ನಾಟಕದ ಪ್ರಶಸ್ತಿ ಶುರು ಮಾಡಿದ್ದು 1989ರಲ್ಲಿ, ನೃತ್ಯದ್ದು 2000ದಲ್ಲಿ. ಎರಡೂ ಬೇರೆ ಬೇರೆ. ಅವರ ರಂಗಕ್ಕೆ ಅದು ಸರಿ. ನಮಗೆ ಹೊಂದುವುದಿಲ್ಲ. ದೊಡ್ಡಾಟದಲ್ಲಿ ಪಾತ್ರ ಕುಣಿಯುತ್ತಲೇ ಬರುತ್ತದೆ, ಹಾಡಿನಲ್ಲಿ ಕಥೆ ಹೇಳುತ್ತದೆ, ಮಾತಿನಲ್ಲಿ ಜಗಳ ತೆಗೆಯುತ್ತದೆ. ಕುಣಿತ ತೆಗೆದರೆ ನಾಟಕವೇ ಉಳಿಯುವುದಿಲ್ಲ. ಹಾಗಾಗಿ ನಮ್ಮ ಪ್ರಶಸ್ತಿಯಲ್ಲಿ ಎರಡು ಸಾಲು ಬೇಡ. ಆ ವರ್ಷ ನೋಡಿದವುಗಳಲ್ಲಿ ಒಳ್ಳೆಯ ಪ್ರಯೋಗ ಯಾವುದು, ಅಷ್ಟೇ. ಅದು ಭರತನಾಟ್ಯದ ರೂಪಕ ಆಗಬಹುದು, ಹವ್ಯಾಸಿಗಳ ನಾಟಕ ಆಗಬಹುದು, ನಿಮ್ಮ ಆಟವೂ ಆಗಬಹುದು. ಹೋದ ಸಂಚಿಕೆಯಲ್ಲಿ ಎರಡನ್ನೂ ಬೇರೆ ಮಾಡಿ ಬರೆದಿದ್ದೆ. ಅದನ್ನು ತಿದ್ದಿಕೊಳ್ಳುತ್ತೇನೆ.

ವಿಡಿಯೊ ನೋಡಿ ಆರಿಸಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ದೆಹಲಿಯಲ್ಲಿ 2006ರಿಂದ ನಡೆಯುತ್ತಿರುವ ಮಹೀಂದ್ರಾ ರಂಗಪ್ರಶಸ್ತಿಗೆ ಮೊದಲ ಸುತ್ತಿನಲ್ಲಿ ವಿಡಿಯೊವೇ ಹೋಗಬೇಕು. ಆಯ್ಕೆಯಾದ ನಾಟಕಗಳನ್ನು ಆಮೇಲೆ ಅಲ್ಲೇ ಆಡಿಸಿ ನೋಡುತ್ತಾರೆ. ಬೆಳಕಿಗೆ, ರಂಗಸಜ್ಜಿಕೆಗೆ, ಉಡುಪಿಗೂ ಅಲ್ಲಿ ಪ್ರಶಸ್ತಿ ಇದೆ, ಅದು ನನಗೆ ತುಂಬಾ ಇಷ್ಟ. ಆದರೆ ದೊಡ್ಡಾಟಕ್ಕೆ ವಿಡಿಯೊ ಸಾಲುವುದಿಲ್ಲ. ಕ್ಯಾಮೆರಾ ದುರ್ಯೋಧನನ ಮುಖ ಹಿಡಿದಿದ್ದರೆ ಸಾರಥಿಯ ಎರಡು ಹೆಜ್ಜೆ ತಪ್ಪಿಹೋಗುತ್ತಿತ್ತು.

ಶಾಲಿನ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಬಳ್ಳಾರಿ ದೊಡ್ಡ ಊರಾದರೂ ರಂಗದ ಮಂದಿ ಎಲ್ಲರೂ ಪರಸ್ಪರ ಗೊತ್ತಿರುವವರೇ. ರಾಘವ ಕಲಾಮಂದಿರದಲ್ಲಿ ಒಂದು ರಂಗಪ್ರವೇಶ ನಡೆದರೆ ಬರೆಯುವವರನ್ನೇ ಅತಿಥಿಯಾಗಿ ಕೂರಿಸುತ್ತಾರೆ. ಶಾಲು ಹೊದ್ದು ಮನೆಗೆ ಹೋದವರು ಆಮೇಲೆ ಏನು ಬರೆದಾರು? ಆದ್ದರಿಂದ ಶಾಲು ತೆಗೆದುಕೊಂಡವರು ಆ ಪ್ರಯೋಗದ ಬಗ್ಗೆ ಬರೆಯಬಾರದು. ಮಗಳೋ ತಮ್ಮನೋ ತಂಡದಲ್ಲಿ ಇದ್ದರೆ ಮತ ಹಾಕಬಾರದು. ಯಾಕೆ ಆರಿಸಿದೆವು ಅನ್ನುವುದನ್ನು ಪ್ರತಿಯೊಬ್ಬರೂ ತಮ್ಮ ಹೆಸರು ಹಾಕಿ ಬರೆಯಬೇಕು, ನಾವು ಅದನ್ನು ಪೂರ್ತಿ ಅಚ್ಚು ಹಾಕುತ್ತೇವೆ. ನನ್ನ ಲೆಕ್ಕದಲ್ಲಿ ಫಲಕಕ್ಕಿಂತ ಆ ಬರಹವೇ ಮುಖ್ಯ.

ಬಳ್ಳಾರಿ ರಾಘವರನ್ನೇ ತೆಗೆದುಕೊಳ್ಳಿ. ವಕೀಲರಾಗಿದ್ದುಕೊಂಡು ನಾಟಕಕ್ಕೆ ಬದುಕು ಕೊಟ್ಟವರು. ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕು ಎಂದು ಆ ಕಾಲದಲ್ಲೇ ಹೇಳಿದವರು. ಅವರು ತೀರಿಕೊಂಡಿದ್ದು 1946ರಲ್ಲಿ. ರಂಗದ ಮೇಲೆ ಅವರು ಹೇಗೆ ನಿಲ್ಲುತ್ತಿದ್ದರು, ಮಾತನ್ನು ಎಲ್ಲಿ ತಡೆಯುತ್ತಿದ್ದರು ಅನ್ನುವುದಕ್ಕೆ ಇವತ್ತು ನಮ್ಮ ಕೈಲಿ ಇರುವುದು ಅಂದು ನೋಡಿದವರು ಬರೆದಿಟ್ಟಷ್ಟೇ. ನಿಮ್ಮ ಪಕ್ಕದ ಊರಿನ ಆ ಸಾರಥಿಯ ಬಗ್ಗೆ ಅಷ್ಟೂ ಇಲ್ಲ. ಅದು ನನಗೆ ಸಂಕಟ.

ಹಾಗಾಗಿ ಈ ವರ್ಷ ಪ್ರಶಸ್ತಿ ಕೊಡುವುದಿಲ್ಲ. ಮೂರೂ ಜಿಲ್ಲೆಯಲ್ಲಿ ನೋಡುವ, ಬರೆಯುವ ಮನಸ್ಸಿರುವವರನ್ನು ಸೇರಿಸಿ ಮೊದಲು ಸುತ್ತಾಡುತ್ತೇವೆ. ಪ್ರತಿ ತಿಂಗಳು ಒಂದು ಪುಟ ಅದಕ್ಕೆ ಮೀಸಲು. ನಿಮ್ಮೂರಲ್ಲಿ ತಾಲೀಮು ಯಾವಾಗ ಶುರು ಅಂತ ಒಂದು ಸಾಲು ಬರೆದು ತಿಳಿಸಿ. ಒಂದು ಸಂಜೆ ತಾಲೀಮಿಗೂ ಬರುತ್ತೇನೆ. ಇಲ್ಲಿ ಭರತನಾಟ್ಯ ಕಲಿಸುವ ನಮ್ಮ ತಂಗಿಯೊಬ್ಬಳು ಜೊತೆಗೆ ಬರುತ್ತಾಳೆ. ಹೆಜ್ಜೆ ಹೇಗೆ ಕಲಿಸುತ್ತೀರಿ ಅಂತ ಕಥೆ ಮಾಸ್ತರರನ್ನು ಕೇಳಬೇಕಂತೆ. ನಮ್ಮನ್ನು ಅಟ್ಟದ ಮೇಲೆ ಕರೆಯಬೇಡಿ, ಹಾರ ತರಿಸಬೇಡಿ. ಹಿಮ್ಮೇಳ ಕಾಣುವ ಕಡೆ ಎರಡು ಚಾಪೆಯಷ್ಟು ಜಾಗ ಇಟ್ಟಿರಿ, ಸಾಕು.

– ಸಂಪಾದಕ