ಚಿಕ್ಕ ಪಾತ್ರಗಳಲ್ಲೇ ಉಳಿದ ಒಪೆರಾ ಟೆನರ್‌ಗಳನ್ನು ಸೋತವರೆನ್ನಬಹುದೇ?

ಒಪೆರಾ ಎಂಬ ಸಂಗೀತ ನಾಟಕದಲ್ಲಿ ನಾಯಕನ ಪಾತ್ರ ಸಿಗದೆ ದೂತ, ಸೇವಕ, ದಲ್ಲಾಳಿಯಾಗಿಯೇ ಹಾಡುತ್ತ ನಿವೃತ್ತರಾಗುವ ಟೆನರ್‌ಗಳು, ಅಂದರೆ ಎತ್ತರದ ದನಿಯ ಗಂಡು ಗಾಯಕರು, ಸೋತವರಲ್ಲವೇ ಎಂದು ಕೇಳಿದ್ದೀರಿ. ನಾನು ಗಾಯಕನಲ್ಲ, ಬರೀ ಕೇಳುಗ. ಆದರೂ ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಚಾರ್ಲ್ಸ್ ಆಂಥೊನಿ ನೆನಪಾಗುತ್ತಾರೆ.

1929ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ಇವರ ನಿಜವಾದ ಹೆಸರು ಕ್ಯಾಲೊಜೆರೊ ಆಂಟೋನಿಯೊ ಕರೂಸೊ. ಟೆನರ್‌ಗೆ ಅದಕ್ಕಿಂತ ಭಾರವಾದ ಹೆಸರು ಇನ್ನೊಂದಿರಲಾರದು! ಜಗತ್ಪ್ರಸಿದ್ಧ ಟೆನರ್ ಎನ್ರಿಕೊ ಕರೂಸೊ ಮೆರೆದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾಕ್ಕೇ ಇವರು ಸೇರಿದಾಗ, ಅಲ್ಲಿನ ಮುಖ್ಯಸ್ಥ ರುಡಾಲ್ಫ್ ಬಿಂಗ್ ಅಡ್ಡಹೆಸರನ್ನು ಬಿಡುವಂತೆ ಸೂಚಿಸಿದರು. 1954ರ ಮಾರ್ಚ್‌ನಲ್ಲಿ ‘ಬೋರಿಸ್ ಗೊಡುನೊವ್’ ಒಪೆರಾದ ಮರುಳನಾಗಿ ಮೊದಲ ಸಲ ರಂಗಕ್ಕೆ ಬಂದರು. ಹುಡುಗರ ಗುಂಪು ಕಾಸು ಕಿತ್ತುಕೊಂಡು ಓಡಿದಾಗ ಗೋಳಿಡುವ ಪಾತ್ರವದು; ಇರುವುದು ಸ್ವಲ್ಪ ಹೊತ್ತಾದರೂ ಮರೆಯುವಂಥದ್ದಲ್ಲ. ಅಲ್ಲಿಂದ 2010ರವರೆಗೆ ಅದೇ ಸಂಸ್ಥೆಯಲ್ಲಿ 2,928 ಪ್ರದರ್ಶನ. ವೃಂದಗಾನದವರನ್ನು ಬಿಟ್ಟರೆ, ಅಷ್ಟು ಸಲ ಅಲ್ಲಿ ಹಾಡಿದ ಗಾಯಕ ಅದುವರೆಗೆ ಮತ್ತೊಬ್ಬರಿರಲಿಲ್ಲ. ಹೆಸರಾಂತ ನಾಯಕರು ಇಂದು ಮಿಲಾನ್, ನಾಳೆ ವಿಯೆನ್ನಾ ಎಂದು ಸುತ್ತುತ್ತಿರುತ್ತಾರೆ. ಚಿಕ್ಕ ಪಾತ್ರದವರು ಒಂದೇ ಊರಿನಲ್ಲಿ ಮನೆ ಮಾಡಿಕೊಂಡು ಇರಬಹುದು. ಇದೇನು ಸಣ್ಣ ಸುಖವೇ?

ಕೆಲಸ ಸುಲಭವೆಂದುಕೊಳ್ಳಬೇಡಿ. ನಾಯಕನಿಗೆ ಒಂದು ಹಾಡು ಕೈಕೊಟ್ಟರೆ ಮುಂದಿನದರಲ್ಲಿ ಸರಿದೂಗಿಸಿಕೊಳ್ಳಬಹುದು. ಚಿಕ್ಕ ಪಾತ್ರದವನು ಗಂಟೆಗಟ್ಟಲೆ ಪರದೆಯ ಹಿಂದೆ ಕಾದು, ನುಗ್ಗಿ ಬಂದು, ನಾಲ್ಕು ಸಾಲು ಹಾಡಿ ಹೋಗಬೇಕು. ಆ ನಾಲ್ಕು ಸಾಲಿನಲ್ಲಿ ತಾಳ ತಪ್ಪಿತೋ, ಎದುರಿಗಿರುವ ನಾಯಕಿಯ ಎತ್ತುಗಡೆಯೂ ಕೆಡುತ್ತದೆ.

ನಂಬಿಕೆ ಬಾರದಿದ್ದರೆ ‘ಟೋಸ್ಕಾ’ ಒಪೆರಾದ ಎರಡನೇ ಅಂಕವನ್ನು ಸ್ಪೊಲೆಟ್ಟಾನೊಬ್ಬನ ಮೇಲೆಯೇ ಗಮನವಿಟ್ಟು ಕೇಳಿ. ಅವನು ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾನ ಕೈಯಾಳು. ತಪ್ಪಿಸಿಕೊಂಡ ಕೈದಿ ಸಿಗಲಿಲ್ಲ ಎಂದು ನಡುಗುತ್ತ ವರದಿ ಒಪ್ಪಿಸುತ್ತಾನೆ. ಪಕ್ಕದ ಕೋಣೆಯಲ್ಲಿ ಆ ಕೈದಿಯನ್ನು ಬಚ್ಚಿಟ್ಟ ಚಿತ್ರಕಾರನಿಗೆ ಚಿತ್ರಹಿಂಸೆ ನಡೆಯುತ್ತಿರುವಾಗ ಅದೇ ಆಳು ಲ್ಯಾಟಿನ್ ಪ್ರಾರ್ಥನೆಯನ್ನು ಗೊಣಗುತ್ತಾನೆ: ನ್ಯಾಯಾಧೀಶ ಆಸೀನನಾದಾಗ ಬಚ್ಚಿಟ್ಟದ್ದೆಲ್ಲ ಹೊರಬೀಳುತ್ತದೆ, ಶಿಕ್ಷೆಯಾಗದೆ ಏನೂ ಉಳಿಯದು ಎಂದು. ಕೆಟ್ಟ ಗಾಯಕನ ಬಾಯಲ್ಲಿ ಅದು ಕೇಳಿಸುವುದೇ ಇಲ್ಲ. ಒಳ್ಳೆಯವನು ಹಾಡಿದರೆ, ಹಿಂಸೆ ಕೊಡುವವರ ಪೈಕಿ ಒಬ್ಬನಿಗಾದರೂ ಭಯವಿದೆ ಎಂದು ತಿಳಿಯುತ್ತದೆ.

ಆಂಥೊನಿ ಕೊನೆಯ ಸಲ ಹಾಡಿದ್ದು ‘ತುರಾಂದೋತ್’ ಒಪೆರಾದ ಮುದಿ ಚಕ್ರವರ್ತಿಯಾಗಿ. ಆಗ ಅವರಿಗೆ 80 ವರ್ಷ. ಅಷ್ಟು ವಯಸ್ಸಿಗೆ ಯಾವ ನಾಯಕ ಟೆನರ್‌ಗೆ ಪಾತ್ರ ಸಿಗುತ್ತದೆ, ನೀವೇ ಹೇಳಿ.